ಹಾಡಿನ ಕೊನೆಯಲ್ಲೊಂದು ಹೆಸರು

1902ರ ನವೆಂಬರಿನಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಗಾಗಿ ಹಾಡಿದರು. ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿದರು. ರೆಕಾರ್ಡುಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ! ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಈ ಗಾಯಕಿ 1930ರಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಹಳೆಯ ರೆಕಾರ್ಡುಗಳಲ್ಲಿ ಆ ಹೆಸರು ಇಂದಿಗೂ ಕೇಳಿಸುತ್ತದೆ.

ನಾವು ಕಾಲೇಜಿನಲ್ಲಿದ್ದಾಗ ಖಾಲಿ ಕ್ಯಾಸೆಟ್ ಕೊಟ್ಟು ಅಂಗಡಿಯಲ್ಲಿ ಗಜಲ್, ಕವ್ವಾಲಿ ತುಂಬಿಸಿಕೊಳ್ಳುತ್ತಿದ್ದೆವು. ಅಂಗಡಿಯಾತ ಅದರ ಮೇಲೆ ‘ಗಜಲ್–2’ ಎಂದಷ್ಟೇ ಬರೆದುಕೊಡುತ್ತಿದ್ದ. ಬರೆದವರಾರು, ಹಾಡಿದವರಾರು ಎಂದು ನಾವೂ ಕೇಳಲಿಲ್ಲ. ಅದು ಕಳವು ಎಂದು ನಮಗೆ ಅನಿಸಲೂ ಇಲ್ಲ.

ಕಾನೂನು ಇರಲಿಲ್ಲವೆಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ಬಂತು. ನಕಲು ಮಾಡಿ ಮಾರುವವರಿಗೆ 3 ವರ್ಷದವರೆಗೆ ಜೈಲು ಎಂದಾಯಿತು. ಕ್ಯಾಸೆಟ್ಟಿನ ಮೇಲೆ ತಯಾರಕರ ಮತ್ತು ಹಕ್ಕುದಾರರ ಹೆಸರು, ವಿಳಾಸ ಇರಲೇಬೇಕೆಂದಾಯಿತು. ಹಾಡಿದವರ ಹೆಸರನ್ನು ಮಾತ್ರ ಆ ನಿಯಮ ಕೇಳಲಿಲ್ಲ. ಅದಕ್ಕೂ ಮೊದಲು, 1977ರಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ ಹಣ ಕೊಟ್ಟು ಬರೆಸಿದ ಸಿನಿಮಾ ಹಾಡು ನಿರ್ಮಾಪಕನದೇ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. ಹೀಗಿರುವಾಗ ನಕಲು ನಿಂತರೂ ಕವಿಗೆ ಬಂದದ್ದೇನು?

ಈ ಅನ್ಯಾಯದ ವಿರುದ್ಧ ಗೀತರಚನಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ದನಿಯೆತ್ತಿದರು. 2012ರ ತಿದ್ದುಪಡಿಯಿಂದ ಗೀತರಚನಕಾರರು, ಸಂಗೀತ ಸಂಯೋಜಕರು ಚಿತ್ರಮಂದಿರದ ಹೊರಗಿನ ಬಳಕೆಗೆ ಬರುವ ರಾಯಧನದ ಪಾಲನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳಲು ಬಾರದಂತಾಯಿತು. ಹಾಡುಗಾರರ ಪಾಲಿಗೂ ಮನ್ನಣೆ ದೊರೆಯಿತು. ಅದೇ ತಿದ್ದುಪಡಿ 65ಬಿ ಎಂಬ ಹೊಸ ಕಲಮನ್ನೂ ಸೇರಿಸಿತು. ಡಿಜಿಟಲ್ ಕೃತಿಯಲ್ಲಿ ಅಡಕವಾಗಿರುವ ಕರ್ತೃವಿನ, ಕಲಾವಿದರ ಹೆಸರನ್ನು ಅನುಮತಿಯಿಲ್ಲದೆ ಬೇಕೆಂದೇ ಅಳಿಸಿದರೆ 2 ವರ್ಷದವರೆಗೆ ಜೈಲು. ಗೌಹರ್ ಜಾನ್ ಬಾಯಿಬಿಟ್ಟು ಹೇಳಿಕೊಂಡಿದ್ದ ಹೆಸರಿಗೆ ಕಾನೂನಿನ ಕಾವಲು ಸಿಗಲು 110 ವರ್ಷ ಬೇಕಾಯಿತು.

ಆದರೆ ಈಗ ನಾವೇನು ಮಾಡುತ್ತಿದ್ದೇವೆ? ಅಂತರ್ಜಾಲದ ಕಳ್ಳತಾಣಗಳಿಂದ ಹಾಡು, ಸಿನಿಮಾ, ಪುಸ್ತಕಗಳನ್ನು ಪುಕ್ಕಟೆ ಇಳಿಸಿಕೊಳ್ಳುತ್ತೇವೆ. ಸ್ನೇಹಿತರಿಗೂ ಹಂಚುತ್ತೇವೆ. ‘ದೊಡ್ಡ ಕಂಪೆನಿಗೆ ಇದರಿಂದೇನು ನಷ್ಟ?’ ಎಂದು ಸಮಜಾಯಿಷಿ ಹೇಳಿಕೊಳ್ಳುತ್ತೇವೆ. ಹಿಂದೆ ಆ ಮಾತಿನಲ್ಲಿ ಒಂದಿಷ್ಟು ಸತ್ಯವಿದ್ದೀತು. ಇಂದು ಅಲ್ಲಿ ಕವಿಯ ಪಾಲಿದೆ, ಹಾಡಿದವರ ಪಾಲಿದೆ. ಕಂಪೆನಿಯಿಂದ ಅವರು ಹೋರಾಡಿ ಪಡೆದದ್ದನ್ನು, ಅವರ ಹಾಡನ್ನು ಮೆಚ್ಚುವ ನಾವೇ ಕಸಿದುಕೊಳ್ಳುವುದು ಯಾವ ನ್ಯಾಯ?