ಹಿಮ್ಮಡಿಯ ಸ್ವಿಚ್ಚು: ನಡಿಗೆಗೆ ವಿದ್ಯುತ್ತಿನ ಆಸರೆ

ಲಕ್ವ ಹೊಡೆದ ಹಿರಿಯರು ಮತ್ತೆ ಎದ್ದು ನಡೆಯತೊಡಗಿದಾಗ ಮನೆಮಂದಿಯ ಕಣ್ಣಿಗೆ ಮೊದಲು ಬೀಳುವುದು ಅವರ ಚಪ್ಪಲಿ. ಸೋತ ಕಾಲಿನ ಮುಂಗಾಲು ಮೇಲೇಳದೆ ನೆಲವನ್ನು ಸವರುತ್ತದೆ. ಚಪ್ಪಲಿ ಕಳಚಿ ಹಿಂದೆಯೇ ಉಳಿಯುತ್ತದೆ. ಹ್ಯಾರಿಸ್ ಪಾರ್ಕಿನ ವಿಗ್ರಮ್ ಬೀದಿಯಲ್ಲಿ ಸಂಜೆ ಅಡ್ಡಾಡುವ ನಮ್ಮ ಹಿರಿಯರಲ್ಲಿಯೂ ಇಂಥ ಹೆಜ್ಜೆಗಳುಂಟು. “ಕರೆಂಟು ಕೊಟ್ಟರೆ ಕಾಲು ಬರುತ್ತದಂತೆ, ನಿಜವೇ?” ಎಂಬ ಪ್ರಶ್ನೆ ನಮ್ಮ ಕುಟುಂಬಗಳಲ್ಲಿ ಕೇಳಿಬರುವುದರಿಂದ, ಆ ಚಿಕಿತ್ಸೆಯ ಇತಿಹಾಸವನ್ನು ಇಲ್ಲಿ ಅವಲೋಕಿಸಬಯಸುತ್ತೇವೆ.

ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ಕಂಡ ಇಟಲಿಯ ಗಾಲ್ವಾನಿ 1791ರಲ್ಲಿ ಅದನ್ನು ಪ್ರಕಟಿಸಿದನು. ಅದುರುವಿಕೆಗೂ ನಡಿಗೆಗೂ ಬಹಳ ದೂರ. ನಮ್ಮ ಸಿಡ್ನಿಯ ವೈದ್ಯ ಮಾರ್ಕ್ ಲಿಡ್‌ವಿಲ್ 1929ರಲ್ಲಿ ವಿವರಿಸಿದ ಯಂತ್ರವು ನಿಂತ ಹೃದಯಕ್ಕೆ ವಿದ್ಯುತ್ತಿನ ಮಿಡಿತವನ್ನು ಕೊಡುವಂಥದು. ಹೃದಯಕ್ಕೆ ಒಂದೇ ಸಮನಾದ ತಾಳ ಸಾಕು. ಕಾಲಿಗಾದರೋ ಯಾವ ಕ್ಷಣದಲ್ಲಿ ಏಳಬೇಕೆಂಬುದು ತಿಳಿಯಬೇಕು.

ಆ ಕ್ಷಣವನ್ನು ಹಿಡಿದುಕೊಟ್ಟದ್ದು ಒಂದು ಷೂ. 1961ರಲ್ಲಿ ಅಮೆರಿಕದ ವೈದ್ಯ ವ್ಲಾದಿಮಿರ್ ಲಿಬರ್ಸನ್ ಮತ್ತು ಸಂಗಡಿಗರು ರೋಗಿಯ ಷೂವಿನ ಹಿಮ್ಮಡಿಯಲ್ಲಿ ಸ್ವಿಚ್ಚೊಂದನ್ನು ಇಟ್ಟ ಬಗೆಯನ್ನು ವರದಿ ಮಾಡಿದರು. ಹಿಮ್ಮಡಿ ನೆಲ ಬಿಟ್ಟೊಡನೆ, ಮೊಣಕಾಲಿನ ಕೆಳಗೆ ಹೊರಮಗ್ಗುಲಲ್ಲಿ ಹಾಯುವ ನರಕ್ಕೆ ವಿದ್ಯುತ್ತು ಹರಿದು ಮುಂಗಾಲು ಮೇಲೇಳುವುದು. ಹಿಮ್ಮಡಿ ಊರಿದೊಡನೆ ವಿದ್ಯುತ್ತು ನಿಲ್ಲುವುದು. ಯುಕ್ತಿ ಇಷ್ಟೇ ಸರಳ. ಕೆಲವರಲ್ಲಿ ಯಂತ್ರವನ್ನು ತೆಗೆದ ಮೇಲೆಯೂ ಸ್ವಲ್ಪ ಕಾಲ ಪಾದವನ್ನು ತಾವೇ ಎತ್ತುವ ಶಕ್ತಿ ಉಳಿದುದನ್ನು ಅವರು ದಾಖಲಿಸಿದ್ದಾರೆ. ಇಂದಿಗೂ ಪಾದ ಎತ್ತಿಸುವ ಸಾಧನಗಳ ಮೂಲತತ್ತ್ವ ಅದೇ. ಆದರೆ ಪೆಟ್ಟು ಮೆದುಳಿಗೋ ಬೆನ್ನುಹುರಿಗೋ ಆಗಿದ್ದು, ಕಾಲಿನ ನರ ಜೀವಂತವಾಗಿದ್ದರೆ ಮಾತ್ರ ಇದು ಫಲಿಸುತ್ತದೆ. ದುಬಾರಿ ಯಂತ್ರಕ್ಕೆ ಹಣ ಕಟ್ಟುವ ಮುನ್ನ ಫಿಸಿಯೋಥೆರಪಿಸ್ಟರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೆಂದೇ ನಮ್ಮ ಅಭಿಪ್ರಾಯ.

ಬೆನ್ನುಹುರಿಗೇ ವಿದ್ಯುತ್ತನ್ನು ಕೊಡುವ ಪ್ರಯತ್ನ ಇನ್ನೂ ಕಠಿಣವಾದುದು. 2011ರಲ್ಲಿ ಅಮೆರಿಕದ ಲೂಯಿವಿಲ್‌ನಿಂದ, ಬೆನ್ನುಹುರಿಯ ಮೇಲೆ ವಿದ್ಯುದಗ್ರಗಳನ್ನು ಅಳವಡಿಸಿಕೊಂಡ ಯುವಕನೊಬ್ಬ ಎದ್ದು ನಿಂತ ವರದಿ ಬಂದಿತು. 2018ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಿಂದ, ಮೂವರು ಆಸರೆಯೊಡನೆ ಹೆಜ್ಜೆಯಿಟ್ಟ ವರದಿ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ವಿದ್ಯುತ್ತು ಮಿಂಚಿತು, ಅದರ ಬೆನ್ನಿಗಿದ್ದ ತಿಂಗಳುಗಟ್ಟಲೆಯ ತಾಲೀಮು ಮರೆಯಾಯಿತು. ಸಿಡ್ನಿಯ ರ‍್ಯಾಂಡ್‌ವಿಕ್‌ನಲ್ಲಿರುವ ನ್ಯೂರಾ ಸಂಶೋಧನಾ ಸಂಸ್ಥೆ ಕೈಗೊಂಡ ‘ಇ-ವಾಕ್’ ಪ್ರಯೋಗದಲ್ಲಿ ಶಸ್ತ್ರಕ್ರಿಯೆಯಿಲ್ಲ. ಬೆನ್ನಿನ ಚರ್ಮದ ಮೇಲಿನಿಂದಲೇ ವಿದ್ಯುತ್ತು. ನಡಿಗೆಯ ತಾಲೀಮು ಎಲ್ಲರಿಗೂ ಉಂಟು. ಕೆಲವರಿಗೆ ನಿಜವಾದ ವಿದ್ಯುತ್ತು, ಉಳಿದವರಿಗೆ ಹುಸಿ ವಿದ್ಯುತ್ತು. ತಮಗೆ ದೊರೆತದ್ದು ಯಾವುದೆಂದು ಅವರಿಗೆ ತಿಳಿಸುವುದಿಲ್ಲ. ಮರಳಿ ಬಂದ ಹೆಜ್ಜೆಯಲ್ಲಿ ತಾಲೀಮಿನ ಪಾಲೆಷ್ಟು, ವಿದ್ಯುತ್ತಿನ ಪಾಲೆಷ್ಟು ಎಂದು ಬೇರ್ಪಡಿಸಿ ನೋಡುವುದು ಹಾಗೆಯೇ.