ಥೈರಾಯ್ಡ್ ಕ್ಯಾನ್ಸರ್ ಬೆಳವಣಿಗೆಯಲ್ಲಿ ನಾನ್-ಕೋಡಿಂಗ್ ಆರ್‌ಎನ್‌ಎ ಪಾತ್ರ

ಪೀಠಿಕೆ

ಥೈರಾಯ್ಡ್ ಕತ್ತಿನ ಮುಂಭಾಗದಲ್ಲಿರುವ ನಿರ್ನಾಳ ಗ್ರಂಥಿ. ಇದರಲ್ಲಿ ಉಂಟಾಗುವ ಕ್ಯಾನ್ಸರ್‌ಗಳ ಪೈಕಿ ಪ್ಯಾಪಿಲರಿ ವಿಧವು ಅತಿ ಸಾಮಾನ್ಯವಾಗಿದ್ದು, ಸಕಾಲದಲ್ಲಿ ಚಿಕಿತ್ಸೆ ದೊರೆತಲ್ಲಿ ಬಹುಪಾಲು ರೋಗಿಗಳು ಗುಣಮುಖರಾಗುತ್ತಾರೆ. ಕೆಲವರಲ್ಲಿ ಮಾತ್ರ ರೋಗವು ಮರುಕಳಿಸುತ್ತದೆ. ಈ ವ್ಯತ್ಯಾಸಕ್ಕೆ ಸಂಬಂಧಿಸಿದ ಅಂಶಗಳಲ್ಲಿ ನಾನ್-ಕೋಡಿಂಗ್ ಆರ್‌ಎನ್‌ಎ ಸಹ ಒಂದು.

ನಾನ್-ಕೋಡಿಂಗ್ ಆರ್‌ಎನ್‌ಎ ಎಂದರೇನು?

ಮಾನವ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಯ ಸೂಚನೆಯುಳ್ಳ ಭಾಗವು ಸುಮಾರು ಶೇ. 2ರಷ್ಟು ಮಾತ್ರ. ಉಳಿದ ಭಾಗದಿಂದಲೂ ಅನೇಕ ಆರ್‌ಎನ್‌ಎಗಳು ಉತ್ಪತ್ತಿಯಾಗುತ್ತವೆ. ಇವು ಸ್ವತಃ ಪ್ರೋಟೀನ್ ತಯಾರಿಸದೆ, ಇತರ ಜೀನುಗಳ ಕಾರ್ಯವನ್ನು ನಿಯಂತ್ರಿಸುತ್ತವೆ. ಇವುಗಳಲ್ಲಿ ಅತಿ ಚಿಕ್ಕದಾದ ಮೈಕ್ರೋ ಆರ್‌ಎನ್‌ಎಯನ್ನು 1993ರಲ್ಲಿ ಗುರುತಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿದೆ.

ಗಡ್ಡೆಯ ಬೆಳವಣಿಗೆಯಲ್ಲಿ ಪಾತ್ರ

1. ಮೈಕ್ರೋ ಆರ್‌ಎನ್‌ಎ 221 ಮತ್ತು 222: ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಇವುಗಳ ಪ್ರಮಾಣ ಅಧಿಕವಾಗಿರುತ್ತದೆ. ಜೀವಕೋಶಗಳ ವಿಭಜನೆಯನ್ನು ತಡೆಯುವ ಪಿ27 ಎಂಬ ಪ್ರೋಟೀನನ್ನು ಇವು ಕುಗ್ಗಿಸುವುದರಿಂದ ಗಡ್ಡೆ ಬೆಳೆಯಲು ಆಸ್ಪದವಾಗುತ್ತದೆ.

2. ಮೈಕ್ರೋ ಆರ್‌ಎನ್‌ಎ 146ಬಿ: ಅಯೋಡಿನ್ ಅನ್ನು ಜೀವಕೋಶದೊಳಕ್ಕೆ ಸೆಳೆಯುವ ಪ್ರೋಟೀನಿನ ಪ್ರಮಾಣವನ್ನು ಇದು ತಗ್ಗಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ನೀಡಲಾಗುವ ವಿಕಿರಣಶೀಲ ಅಯೋಡಿನ್ ಚಿಕಿತ್ಸೆಯು ಇದೇ ಪ್ರೋಟೀನನ್ನು ಅವಲಂಬಿಸಿರುವುದರಿಂದ, ಚಿಕಿತ್ಸೆಯ ಪರಿಣಾಮ ಕುಂದುವ ಸಾಧ್ಯತೆ ಇರುತ್ತದೆ.

3. ಪಿಟಿಸಿಎಸ್‌ಸಿ3: ಉದ್ದನೆಯ ಆರ್‌ಎನ್‌ಎಗಳ ವರ್ಗಕ್ಕೆ ಸೇರಿದ ಇದರ ಪ್ರಮಾಣವು ಕ್ಯಾನ್ಸರ್ ಗಡ್ಡೆಯಲ್ಲಿ ಕಡಿಮೆಯಾಗಿರುತ್ತದೆ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಜೀವಕೋಶಗಳಿಗೆ ಇದನ್ನು ಮರಳಿ ಒದಗಿಸಿದಾಗ ಬೆಳವಣಿಗೆ ಕುಂಠಿತಗೊಂಡಿದೆ.

ರೋಗನಿರ್ಣಯ ಮತ್ತು ಚಿಕಿತ್ಸೆ

ಗಂಟಿನಿಂದ ಸೂಜಿಯ ಮೂಲಕ ಪಡೆದ ಮಾದರಿಯ ಪರೀಕ್ಷೆಯಲ್ಲಿ ಕೆಲವೊಮ್ಮೆ ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದು ಖಚಿತವಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ಶಸ್ತ್ರಚಿಕಿತ್ಸೆಯ ಅಗತ್ಯವನ್ನು ನಿರ್ಧರಿಸಲು ಮೈಕ್ರೋ ಆರ್‌ಎನ್‌ಎ ಪರೀಕ್ಷೆಯು ನೆರವಾಗಬಲ್ಲದು. ಇದು ಪೂರಕ ಪರೀಕ್ಷೆಯೇ ಹೊರತು ಸೂಜಿ ಪರೀಕ್ಷೆಗೆ ಪರ್ಯಾಯವಲ್ಲ. ಈ ಆರ್‌ಎನ್‌ಎಗಳನ್ನೇ ಗುರಿಯಾಗಿಸಿದ ಥೈರಾಯ್ಡ್ ಕ್ಯಾನ್ಸರ್ ಔಷಧಗಳು ಇನ್ನೂ ಸಂಶೋಧನಾ ಹಂತದಲ್ಲಿವೆ.

ಸಾರ್ವಜನಿಕರ ಗಮನಕ್ಕೆ

* ಕತ್ತಿನಲ್ಲಿ ಗಂಟು, ಬಹುಕಾಲದ ಧ್ವನಿ ಬದಲಾವಣೆ ಅಥವಾ ನುಂಗಲು ತೊಂದರೆ ಕಂಡುಬಂದಲ್ಲಿ ವೈದ್ಯರನ್ನು ಸಂಪರ್ಕಿಸತಕ್ಕದ್ದು.
* ಥೈರಾಯ್ಡ್ ಹಾರ್ಮೋನಿನ ರಕ್ತಪರೀಕ್ಷೆ ಸಹಜವಾಗಿದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದು ಭಾವಿಸತಕ್ಕದ್ದಲ್ಲ.
* ಆರ್‌ಎನ್‌ಎ ಪರೀಕ್ಷೆಯು ಎಲ್ಲ ರೋಗಿಗಳಿಗೂ ಅಗತ್ಯವಿರುವುದಿಲ್ಲ. ಈ ಪರೀಕ್ಷೆಗಾಗಿ ಕಾಯುತ್ತಾ ವೈದ್ಯರು ಸೂಚಿಸಿದ ಚಿಕಿತ್ಸೆಯನ್ನು ಮುಂದೂಡಬಾರದು.