ಸಿದ್ದಿ ಸಹೋದರರ ಚರಿತ್ರೆ ಮತ್ತು ನಮ್ಮ ಜುಬಿಲಿ

ದೇವರ ಕೃಪೆಯಿಂದ ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿದೆ. ದೇವಾಲಯವನ್ನು ಕಟ್ಟಿದವರನ್ನೂ ಸೇವೆಗೈದ ಗುರುಗಳನ್ನೂ ಈ ಸಂಚಿಕೆ ಕೃತಜ್ಞತೆಯಿಂದ ಸ್ಮರಿಸುತ್ತದೆ. ಆದರೆ ಯಾಜಕಕಾಂಡದ ೨೫ನೆಯ ಅಧ್ಯಾಯವು ಜುಬಿಲಿಗೆ ವಿಧಿಸುವ ಕರ್ತವ್ಯ ಬೇರೆ. ಐವತ್ತನೆಯ ವರ್ಷದಲ್ಲಿ, ಬಡತನದಿಂದ ದಾಸನಾದ ಸಹೋದರನಿಗೆ ಬಿಡುಗಡೆಯಾಗಬೇಕು, ಕಳೆದುಕೊಂಡ ಭೂಮಿ ಅವನಿಗೆ ಮರಳಬೇಕು. ನೂರು ವರ್ಷವೆಂದರೆ ಎರಡು ಜುಬಿಲಿ. ಆದುದರಿಂದ ದಾಸ್ಯವನ್ನು ದಾಟಿ ಬಂದ ಒಂದು ಜನಾಂಗದ ಚರಿತ್ರೆಯನ್ನು ಇಲ್ಲಿ ನಿರೂಪಿಸಬಯಸುತ್ತೇವೆ.

ಒಂದು ಭಾನುವಾರ ಬಲಿಪೂಜೆಯ ಬಳಿಕ, ದೇವಾಲಯದ ಅಂಗಳದಲ್ಲಿ ನಿಂತಿದ್ದ ಗುಂಗುರು ಕೂದಲಿನ ಯುವಕನೊಬ್ಬನನ್ನು, “ಯಾವ ದೇಶದವನಪ್ಪಾ?” ಎಂದು ನಾವೇ ಕೇಳಿದ್ದೆವು. “ಹಳಿಯಾಳದಾಂವ ರೀ, ಫಾದರ್” ಎಂದನು. ಅಂದಿನ ನಾಚಿಕೆಯೇ ಈ ಬರವಣಿಗೆಗೆ ಕಾರಣ.

ಹಳಿಯಾಳ ಧಾರವಾಡದಿಂದ ಸುಮಾರು ಒಂದು ಗಂಟೆಯ ಬಸ್ಸಿನ ಹಾದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಂಚಿನಲ್ಲಿಯೂ ನಮ್ಮದೇ ಜಿಲ್ಲೆಯ ಕಲಘಟಗಿಯ ಕಡೆಯೂ ಸಿದ್ದಿಗಳು ವಾಸಿಸುತ್ತಾರೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ. ಹಳಿಯಾಳದ ಕಡೆ ಕಥೋಲಿಕರು ಹೆಚ್ಚು. ೧೯೫೩ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದಂದಿನಿಂದ ೧೯೭೬ರಲ್ಲಿ ಕಾರವಾರ ಧರ್ಮಪ್ರಾಂತ್ಯ ಬೇರೆಯಾಗುವವರೆಗೆ ಅವರೂ ನಾವೂ ಒಬ್ಬರೇ ಧರ್ಮಾಧ್ಯಕ್ಷರ ಮಂದೆಯವರಾಗಿದ್ದೆವು.

ಇವರ ಪೂರ್ವಜರು ಆಫ್ರಿಕಾ ಖಂಡದವರು. ಕೆಲವರು ದಖ್ಖನಿನ ಸುಲ್ತಾನರ ಸೇವೆಗೆ ಬಂದರು. ಬಿಜಾಪುರದ ದರಬಾರಿನಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನನು ಹಬಶಿ ಮೂಲದವನು. ಆದರೆ ಬಹುಮಂದಿಯನ್ನು, ೧೫೧೦ರಲ್ಲಿ ಗೋವೆಯನ್ನು ಗೆದ್ದ ಪೋರ್ತುಗೀಜರು ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರೂ ಬಿಡುಗಡೆ ಪಡೆದವರೂ ಘಟ್ಟದ ಕಾಡುಗಳನ್ನು ಸೇರಿ, ಪರರ ಹೊಲಗಳಲ್ಲಿ ದುಡಿದು ಬಾಳಿದರು. ಗುರುಮಠದಲ್ಲಿ ನಾವು ಸಂತ ಫ್ರಾನ್ಸಿಸ್ ಜೇವಿಯರರು ೧೫೪೨ರಲ್ಲಿ ಗೋವೆಗೆ ಬಂದುದನ್ನು ಓದಿದೆವು; ಅದೇ ಗೋವೆಗೆ ಸೆರೆಯಾಳುಗಳಾಗಿ ಬಂದವರ ವಿಷಯವನ್ನು ಓದಲಿಲ್ಲ. ಜ್ಞಾನಸ್ನಾನದಲ್ಲಿ ಅವರಿಗೆ ಪೋರ್ತುಗೀಜ ಹೆಸರುಗಳು ದೊರೆತವು. ತಾಯಿ ಕರೆದ ಹೆಸರುಗಳು ಅಳಿದವು.

ಇದರಲ್ಲಿ ಧರ್ಮಸಭೆಯ ಮಕ್ಕಳ ಪಾಲೂ ಉಂಟೆಂಬುದನ್ನು ಮರೆಮಾಚಲಾಗದು. ೧೪೫೨ರಲ್ಲಿ ಜಗದ್ಗುರು ಐದನೆಯ ನಿಕೊಲಾಸರು ಹೊರಡಿಸಿದ ಆಜ್ಞಾಪತ್ರವು, ಕ್ರೈಸ್ತರಲ್ಲದವರನ್ನು ದಾಸ್ಯಕ್ಕೊಳಪಡಿಸಲು ಪೋರ್ತುಗಲ್ಲಿನ ಅರಸನಿಗೆ ಅನುಮತಿಯಿತ್ತಿತು. ೧೮೩೯ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು. ೧೯೯೨ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಸೆನೆಗಲ್ಲಿನ ಗೋರೆ ದ್ವೀಪದಲ್ಲಿ, ಗುಲಾಮರನ್ನು ಕೂಡಿಹಾಕುತ್ತಿದ್ದ ಮನೆಯಲ್ಲಿ ನಿಂತು ಕ್ಷಮೆ ಬೇಡಿದರು. ೨೦೨೨ರಲ್ಲಿ ಜಗದ್ಗುರು ಫ್ರಾನ್ಸಿಸರು ಕೆನಡಾದ ಮೂಲನಿವಾಸಿಗಳಲ್ಲಿಗೆ ಹೋಗಿ, ವಸತಿಶಾಲೆಗಳಲ್ಲಿ ಅವರ ಮಕ್ಕಳಿಗಾದ ಅನ್ಯಾಯಕ್ಕಾಗಿ ಕ್ಷಮೆ ಕೇಳಿದರು. ಮರುವರ್ಷ, ಅನ್ಯರ ನೆಲವನ್ನು ಕಸಿಯಲು ಆಧಾರವಾಗಿದ್ದ ಹಳೆಯ ವಾದವನ್ನು ರೋಮ್ ಬಹಿರಂಗವಾಗಿ ತಿರಸ್ಕರಿಸಿತು.

ಇಷ್ಟೆಲ್ಲ ಕಳೆದುಕೊಂಡರೂ ಸಿದ್ದಿಗಳು ಬರಿಗೈಯವರಲ್ಲ. ದಮಾಮಿ ವಾದ್ಯದ ಹಾಡು ಕುಣಿತ, ಹಳೆಯ ಬಟ್ಟೆಯ ತುಂಡುಗಳಿಂದ ಹೆಂಗಸರು ಹೊಲಿಯುವ ಕೌದಿ, ಹಿರಿಯರ ಆರಾಧನೆ, ಮತಭೇದವನ್ನು ಮೀರಿದ ಕುಲಬಾಂಧವ್ಯ ಇವೆಲ್ಲ ಅವರ ಆಸ್ತಿ. ಸರಕಾರವು ಉತ್ತರ ಕನ್ನಡದ ಸಿದ್ದಿಗಳನ್ನು ೨೦೦೩ರಲ್ಲಿ, ಧಾರವಾಡ ಹಾಗೂ ಬೆಳಗಾವಿ ಜಿಲ್ಲೆಗಳವರನ್ನು ೨೦೨೦ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ೨೦೨೦ರಲ್ಲಿಯೇ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಪ್ರಿಯ ಭಕ್ತಾದಿಗಳೇ, ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಅಗತ್ಯವೆಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಸಂಧಾನಕ್ಕೂ ಅದೇ ಕ್ರಮ: ಮೊದಲು ಅರಿವು, ಬಳಿಕ ಪಶ್ಚಾತ್ತಾಪ, ಕೊನೆಗೆ ಪ್ರಾಯಶ್ಚಿತ್ತ. ಆದುದರಿಂದ ನಮ್ಮದೊಂದು ಬಿನ್ನಹ. ಈ ಜುಬಿಲಿ ವರ್ಷದಲ್ಲಿ ಧರ್ಮೋಪದೇಶ ತರಗತಿಯ ಮಕ್ಕಳು ಹಳಿಯಾಳದ ಹಿರಿಯರ ಬಳಿ ಕುಳಿತು ಅವರ ಚರಿತ್ರೆಯನ್ನು ಅವರ ಬಾಯಿಂದಲೇ ಕೇಳಲಿ. ದಮಾಮಿಯನ್ನು ಹಬ್ಬದ ವೇದಿಕೆಯ ತಮಾಷೆಯಾಗಿ ಕರೆಸುವುದು ಬೇಡ. ಅತಿಥಿಗಳಾಗಿ ಅವರನ್ನು ಮನೆಗೆ ಕರೆಯೋಣ. ದುಡಿಮೆಗಾಗಿ ಈ ಅವಳಿ ನಗರಕ್ಕೆ ಬಂದ ಸಿದ್ದಿ ಸಹೋದರನು ಮುಂದಿನ ಭಾನುವಾರ ದೇವಾಲಯದ ಅಂಗಳದಲ್ಲಿ ನಿಂತಿದ್ದರೆ, ಯಾವ ದೇಶವೆಂದು ಕೇಳದಿರೋಣ. ಹೆಸರು ಕೇಳೋಣ, ಮನೆಯವರ ಕ್ಷೇಮ ವಿಚಾರಿಸೋಣ. ಆ ಯುವಕನಿಗೆ ನಾವು ಸಲ್ಲಿಸಬೇಕಾದ ಋಣ ಇನ್ನೂ ಉಳಿದಿದೆ.